ಅಮೆರಿಕದ ಎಪಿಸ್ಕೋಪಲ್ ಚರ್ಚು: ಬಾಗಿಲಲ್ಲಿ ಸ್ವಾಗತದ ಬೋರ್ಡಿದೆ, ಒಳಗೆ ವರ್ಷಪೂರ್ತಿ ಏನೇನು ನಡೆಯುತ್ತದೆ?

ಹಿನಕಲ್ ಹುಡುಗ
ಎಲ್ಲರಿಗೂ ನಮಸ್ಕಾರ. ನಾವು ಮೈಸೂರಿನ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಕುಟುಂಬ. ಕೆಲಸದ ಮೇಲೆ ಪೆನ್ಸಿಲ್ವೇನಿಯಾಕ್ಕೆ ಬಂದಿದ್ದೇವೆ. ಹತ್ತಿರದಲ್ಲಿ ಕನ್ನಡ ಆರಾಧನೆ ಎಲ್ಲೂ ಇಲ್ಲ. ನಮ್ಮ ಬೀದಿ ತಿರುವಿನಲ್ಲೇ ಕಲ್ಲಿನ ಎಪಿಸ್ಕೋಪಲ್ ಚರ್ಚು ಇದೆ. ಹೊರಗೆ ‘ಎಪಿಸ್ಕೋಪಲ್ ಚರ್ಚು ನಿಮ್ಮನ್ನು ಸ್ವಾಗತಿಸುತ್ತದೆ’ ಅಂತ ಬೋರ್ಡು, ಪಕ್ಕದಲ್ಲಿ ಕೆಂಪು ಶಿಲುಬೆಯ ಗುರಾಣಿ ಚಿತ್ರ. ಇದು ನಮ್ಮ ಪೈಕಿಯೇನಾ? ಸಂಸ್ಕಾರ, ಅಂದರೆ ಯೇಸುವಿನ ನೆನಪಿಗೆ ಕೊಡುವ ರೊಟ್ಟಿ, ವೈನ್, ತೆಗೆದುಕೊಳ್ಳಬಹುದಾ? ಒಂದು ಭಾನುವಾರ ಹೋಗಿ ಬರುವುದು ಸುಲಭ. ವರ್ಷಪೂರ್ತಿ ಅಲ್ಲಿ ಬದುಕು ಹೇಗಿರುತ್ತದೆ ಅಂತ ಅನುಭವ ಇರುವವರು ಹೇಳಿ. ಇಬ್ಬರು ಮಕ್ಕಳಿದ್ದಾರೆ. ಹೆಂಡತಿಗೆ ಹಾಡು ಇಷ್ಟ, ನನಗೆ ಊಟ.

ಬಲ್ಮಠದ ಅಕ್ಕ
ಧೈರ್ಯವಾಗಿ ಹೋಗಿ ತಮ್ಮಾ. ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ. ಆಂಗ್ಲಿಕನ್, ಮೆಥಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಎಲ್ಲ ಸೇರಿ ಆದ ಸಭೆ. ಇವತ್ತು ಸಿಎಸ್‌ಐ ಕೂಡ ಆಂಗ್ಲಿಕನ್ ಬಳಗದ (ಇಂಗ್ಲೆಂಡಿನ ಚರ್ಚಿನ ಜೊತೆ ನಂಟಿರುವ ಸಭೆಗಳ ಕೂಟ) ಸದಸ್ಯ, ಎಪಿಸ್ಕೋಪಲ್ ಚರ್ಚು ಕೂಡ. ನಾನು ಮಸಾಚುಸೆಟ್ಸ್‌ನಲ್ಲಿ ಮೊದಲ ಸಲ ಹೋದಾಗ ಪ್ರಾರ್ಥನೆಯ ಅರ್ಧ ಭಾಗ ಬಾಯಿಗೆ ತಾನಾಗೇ ಬಂತು, ಕನ್ನಡದಲ್ಲಿ.

ದೀಕ್ಷಾಸ್ನಾನ ಆದವರು ಯಾವ ಸಭೆಯವರಾದರೂ ಸಂಸ್ಕಾರ ತೆಗೆದುಕೊಳ್ಳಬಹುದು, ನಿಯಮ ಇದು. ಬಹಳ ಕಡೆ ಅದನ್ನೂ ಕೇಳುವುದಿಲ್ಲ, ‘ಯಾರೇ ಇರಲಿ ಬನ್ನಿ’ ಅನ್ನುತ್ತಾರೆ. ರೊಟ್ಟಿ ಅಂದರೆ ಸಾಮಾನ್ಯವಾಗಿ ತೆಳು ಬಿಲ್ಲೆ. ಒಂದೇ ಪಾತ್ರೆಯಿಂದ ಎಲ್ಲರೂ ಕುಡಿಯುತ್ತಾರೆ, ಅದೂ ನಿಜವಾದ ವೈನ್. ಬೇಡ ಅನಿಸಿದರೆ ರೊಟ್ಟಿ ಮಾತ್ರ ತೆಗೆದುಕೊಂಡರೂ ಪೂರ್ತಿ ಸಂಸ್ಕಾರವೇ. ಏನೂ ಬೇಡವಾದರೆ ಎದೆಯ ಮೇಲೆ ಎರಡೂ ಕೈ ಅಡ್ಡ ಇಟ್ಟುಕೊಂಡು ಹೋಗಿ ನಿಂತುಕೊಳ್ಳಿ, ಆಶೀರ್ವಾದ ಕೊಟ್ಟು ಕಳಿಸುತ್ತಾರೆ. ಮಕ್ಕಳನ್ನೂ ಕರೆದುಕೊಂಡು ಹೋಗಿ. ದೃಢೀಕರಣ (ದೊಡ್ಡವರಾದ ಮೇಲೆ ಬಿಷಪ್ ಕೈಯಿಟ್ಟು ಮಾಡುವ ವಿಧಿ) ಆಗಿರಬೇಕು ಅಂತೇನಿಲ್ಲ.

ಆರಾಧನೆ ಮುಗಿದ ಮೇಲೆ ಕಾಫಿ ಅವರ್ ಅಂತ ಇರುತ್ತದೆ. ಅದನ್ನು ತಪ್ಪಿಸಬೇಡಿ. ಕಾಫಿ ಸಪ್ಪೆ ಇರುತ್ತದೆ, ಅದು ಬೇರೆ ಮಾತು. ಊರಿನ ಯಾವ ಶಾಲೆ ಚೆನ್ನಾಗಿದೆ, ಯಾವ ಪ್ಲಂಬರ್ ಮೋಸ ಮಾಡುವುದಿಲ್ಲ, ಎಲ್ಲ ಗೊತ್ತಾಗುವುದು ಅಲ್ಲೇ.

ಹಿನಕಲ್ ಹುಡುಗ
ಥ್ಯಾಂಕ್ಸ್ ಅಕ್ಕಾ. ಈಗ ಆಗಮನ ಕಾಲ, ಕ್ರಿಸ್‌ಮಸ್‌ಗೆ ಕಾಯುವ ವಾರಗಳು, ಶುರುವಾಗುತ್ತದಲ್ಲ, ಕ್ಯಾರಲ್ ರೌಂಡ್ಸ್ ಇರುತ್ತಾ? ಮಗಳು ಸಾಂತಾ ಟೋಪಿ ಈಗಲೇ ತೆಗೆದಿಟ್ಟುಕೊಂಡಿದ್ದಾಳೆ.

ಬಲ್ಮಠದ ಅಕ್ಕ
ಅಯ್ಯೋ, ಇಲ್ಲೇ ನಿಮಗೆ ಮೊದಲ ಆಘಾತ. ನಮ್ಮೂರಲ್ಲಿ ಡಿಸೆಂಬರ್ ಬಂದರೆ ರಾತ್ರಿ ಹನ್ನೊಂದು ಗಂಟೆಗೂ ಗಿಟಾರ್ ಹಿಡಿದುಕೊಂಡು ಮನೆ ಮನೆಗೆ ಹೋಗುತ್ತಿದ್ದೆವು. ಇಲ್ಲಿ ಹೊರಗೆ ಅಂಗಡಿ ತುಂಬ ಕ್ರಿಸ್‌ಮಸ್ ಹಾಡು, ಚರ್ಚಿನ ಒಳಗೆ ಮಾತ್ರ ಒಂದೂ ಇಲ್ಲ! ಆಗಮನ ಕಾಲದ ನಾಲ್ಕು ಭಾನುವಾರವೂ ಕಾಯುವ ಹಾಡುಗಳೇ. ಯಜ್ಞವೇದಿಗೆ ನೇರಳೆ ಅಥವಾ ನೀಲಿ ಬಟ್ಟೆ. ಎಲೆಯ ಬಳೆಯಲ್ಲಿ ನಾಲ್ಕು ಮೇಣದಬತ್ತಿ, ವಾರಕ್ಕೊಂದು ಹಚ್ಚುತ್ತಾರೆ. ಮೂರನೇ ವಾರದ್ದು ಹಲವು ಕಡೆ ಗುಲಾಬಿ ಬಣ್ಣದ್ದು. ಓದುವ ವಾಕ್ಯಗಳೂ ಗಂಭೀರ: ಎಚ್ಚರವಾಗಿರಿ, ಸ್ನಾನಿಕ ಯೋಹಾನನ ಗದರಿಕೆ, ಆಮೇಲೆ ಮರಿಯಳು.

ನನಗೆ ಮೊದಲು ಇದು ಸುಮ್ನೆ ಬಿಂಕ ಅನಿಸಿತ್ತು. ಈಗ ಇಷ್ಟ. ಸಂಜೆ ನಾಲ್ಕೂವರೆಗೇ ಕತ್ತಲಾಗುವ ಊರಲ್ಲಿ ಒಂದೊಂದೇ ಬತ್ತಿ ಹಚ್ಚುವುದು ಮಂಗಳೂರಿನ ಬಿಸಿಲಲ್ಲಿ ಅರ್ಥವಾಗುವಂಥದ್ದಲ್ಲ. ಡಿಸೆಂಬರ್ 24ರ ರಾತ್ರಿ ಹಾಡು ಶುರುವಾದರೆ ಚಾವಣಿ ಹಾರಿಹೋಗುತ್ತದೆ. ಆಮೇಲೆ ಹನ್ನೆರಡು ದಿನ ಕ್ರಿಸ್‌ಮಸ್, ಜನವರಿ 6ರ ಎಪಿಫನಿ ಹಬ್ಬದವರೆಗೆ. 26ಕ್ಕೇ ಮರ ಬಿಸಾಡುವ ಪಕ್ಕದ ಮನೆಯವರನ್ನು ನೋಡಿ ಚರ್ಚಿನವರು ಮುಖ ಸಿಂಡರಿಸುತ್ತಾರೆ.

ಮಗಳಿಗೆ ಹೇಳಿ, ನಾಟಕ ಇರುತ್ತದೆ. ಕುರಿ ವೇಷಕ್ಕೆ ಯಾವಾಗಲೂ ಜನ ಬೇಕು.

ಹಳೇ ಬೆಂಚು
ಗುರಾಣಿ ಚಿತ್ರದ ಬಗ್ಗೆ ಒಂದು ಮಾತು, ನೀವು ಇರುವುದೇ ಪೆನ್ಸಿಲ್ವೇನಿಯಾದಲ್ಲಿ ಅಂತ. ಬಿಳಿ ಮೇಲೆ ಕೆಂಪು ಶಿಲುಬೆ ಇಂಗ್ಲೆಂಡಿನದು. ಮೂಲೆಯ ನೀಲಿ ಚೌಕದಲ್ಲಿ ಒಂಬತ್ತು ಪುಟ್ಟ ಶಿಲುಬೆಗಳು ಓರೆಯಾಗಿ ಜೋಡಿಸಿವೆ ನೋಡಿ, ಆ ಓರೆ ಶಿಲುಬೆ ಸ್ಕಾಟ್ಲೆಂಡಿನದು. ಕಾರಣ ಇದೆ. ಅಮೆರಿಕ ಸ್ವತಂತ್ರವಾದ ಮೇಲೆ ಇಲ್ಲಿನ ಆಂಗ್ಲಿಕನ್ನರಿಗೆ ಬಿಷಪ್ ಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಬಿಷಪ್ ಆಗಬೇಕಾದರೆ ರಾಜನಿಗೆ ನಿಷ್ಠೆಯ ಪ್ರಮಾಣ ಮಾಡಬೇಕು. ಆಗಷ್ಟೇ ಆ ರಾಜನ ಮೇಲೆ ಯುದ್ಧ ಮಾಡಿ ಗೆದ್ದವರು ಹೇಗೆ ಮಾಡುತ್ತಾರೆ? ಹಾಗಾಗಿ ಸ್ಯಾಮ್ಯುಯೆಲ್ ಸೀಬರಿ ಸ್ಕಾಟ್ಲೆಂಡಿಗೆ ಹೋಗಿ 1784ರಲ್ಲಿ ಅಬರ್ಡೀನ್‌ನಲ್ಲಿ ಬಿಷಪ್ ಅಭಿಷೇಕ ಪಡೆದ. 1789ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿ ಚರ್ಚಿನ ಸಂವಿಧಾನ ಬರೆದುಕೊಂಡರು. ಆಗ ಇದ್ದ ಒಂಬತ್ತು ಡಯಾಸಿಸ್‌ಗಳೇ (ಒಬ್ಬ ಬಿಷಪ್ಪರ ಕೈಕೆಳಗಿನ ಪ್ರಾಂತ್ಯಗಳು) ಆ ಒಂಬತ್ತು ಶಿಲುಬೆ.

ಫಿಲಡೆಲ್ಫಿಯಾಕ್ಕೆ ಹೋದರೆ ಕ್ರೈಸ್ಟ್ ಚರ್ಚ್ ನೋಡಿ ಬನ್ನಿ. ಹಾಗೇ ಅಬ್ಸಲೋಮ್ ಜೋನ್ಸ್ ಕತೆಯನ್ನೂ ಮಕ್ಕಳಿಗೆ ಹೇಳಿ. ಗುಲಾಮನಾಗಿ ಹುಟ್ಟಿದವನು. ಆ ಊರಿನ ಒಂದು ಮೆಥಡಿಸ್ಟ್ ಚರ್ಚಿನಲ್ಲಿ ಕಪ್ಪು ಜನ ಬೇರೆ ಕಡೆ ಕೂರಬೇಕು ಅಂತ ಪ್ರಾರ್ಥನೆಯ ಮಧ್ಯದಲ್ಲೇ ಎಬ್ಬಿಸಲು ಬಂದಾಗ ತನ್ನವರ ಜೊತೆ ಎದ್ದು ಹೊರಗೆ ನಡೆದ. 1794ರಲ್ಲಿ ಅದೇ ಊರಲ್ಲಿ ಸೇಂಟ್ ಥಾಮಸ್ ಚರ್ಚು ತೆರೆಯಿತು. ಮುಂದೆ ಎಪಿಸ್ಕೋಪಲ್ ಚರ್ಚಿನ ಮೊದಲ ಕಪ್ಪು ಪಾದ್ರಿ ಆದದ್ದು ಇವನೇ. ಫೆಬ್ರವರಿ 13ಕ್ಕೆ ಅವನ ಸ್ಮರಣೆ ಇರುತ್ತದೆ. ಇಲ್ಲಿನ ಚರ್ಚುಗಳ ಬಾಗಿಲಲ್ಲಿ ಸ್ವಾಗತ ಎಲ್ಲ ಕಾಲದಲ್ಲೂ ಎಲ್ಲರಿಗೂ ಇರಲಿಲ್ಲ ಅಂತ ಗೊತ್ತಿರುವುದು ಒಳ್ಳೆಯದು.

ಧಾರವಾಡಿ
ಬೆಂಚು ಸರ್ ಹೇಳಿದ್ದು ನಿಜ. ಆದರೆ ಇವತ್ತಿನ ಸ್ವಾಗತದ ಬಗ್ಗೆ ನನಗೆ ಒಂದು ತಕರಾರಿದೆ. ಬಾಗಿಲಲ್ಲಿ ನಗುತ್ತಾರೆ, ಹೆಸರಿನ ಚೀಟಿ ಅಂಟಿಸುತ್ತಾರೆ, ಮರುವಾರ ಕಾರ್ಡು ಬರುತ್ತದೆ. ಅಲ್ಲಿಗೆ ನಿಲ್ಲುತ್ತದೆ. ಹುಬ್ಬಳ್ಳಿಯಲ್ಲಿ ಹೊಸಬರು ಬಂದರೆ ಆ ಮಧ್ಯಾಹ್ನವೇ ಯಾರಾದರೂ ಮನೆಗೆ ಎಳೆದುಕೊಂಡು ಹೋಗಿ ಊಟ ಹಾಕುತ್ತಾರೆ. ಇಲ್ಲಿ ಒಂದು ಚಳಿಗಾಲ ಪೂರ್ತಿ ಕಳೆದರೂ ನನ್ನನ್ನು ಯಾರೂ ಮನೆಗೆ ಕರೆದಿರಲಿಲ್ಲ.

ನನ್ನನ್ನು ಒಳಗೆ ತಂದದ್ದು ಬೂದಿ. ತಮಾಷೆ ಅಲ್ಲ, ಕೇಳಿ.

ಈಸ್ಟರ್‌ಗೆ ಮುಂಚಿನ ಉಪವಾಸ ಕಾಲ ಲೆಂಟ್ ಶುರುವಾಗುವ ಹಿಂದಿನ ದಿನ ಮಂಗಳವಾರ ಪ್ಯಾನ್‌ಕೇಕ್ ಊಟ. ಮನೆಯಲ್ಲಿರುವ ಬೆಣ್ಣೆ, ಮೊಟ್ಟೆ ಖಾಲಿ ಮಾಡುವ ಹಳೇ ಪದ್ಧತಿ. ಗಂಡಸರೇ ಅಡುಗೆ. ನಾನು ಸುಮ್ನೆ ನಿಂತಿದ್ದೆ. ಒಬ್ಬ ಅಜ್ಜ ಕೈಗೆ ಒಂದು ತಗಡಿನ ಡಬ್ಬಿ ಕೊಟ್ಟು ‘ಬಾ, ಗರಿ ಸುಡೋಣ’ ಅಂದ. ಹಿಂದಿನ ವರ್ಷ ಗರಿಗಳ ಭಾನುವಾರ (ಈಸ್ಟರ್‌ಗೆ ಒಂದು ವಾರ ಮುಂಚೆ) ಕೊಟ್ಟ ತಾಳೆ ಗರಿಗಳನ್ನು ಜನ ವರ್ಷವಿಡೀ ಮನೆಯಲ್ಲಿ ಇಟ್ಟುಕೊಂಡು ವಾಪಸ್ ತಂದಿರುತ್ತಾರೆ. ಹೊರಗೆ ಹಿಮ, ಹಿಂಬಾಗಿಲ ಹತ್ತಿರ ನಾವಿಬ್ಬರು. ಒಣಗಿದ ಗರಿ ಭಗ್ ಅಂತ ಹತ್ತಿಕೊಳ್ಳುತ್ತದೆ, ಅಷ್ಟೇ ಬೇಗ ಮುಗಿಯುತ್ತದೆ. ಎರಡು ಕಂತೆ ಸುಟ್ಟರೆ ಒಂದು ಹಿಡಿ ಬೂದಿಯೂ ಸಿಗುವುದಿಲ್ಲ. ಅದರಲ್ಲಿ ನಾರು ಉಳಿದಿರುತ್ತದೆ, ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದು, ಕಲ್ಲಿನಲ್ಲಿ ಅರೆಯಬೇಕು. ಆಮೇಲೆ ಒಂದೆರಡು ಹನಿ ಆಲಿವ್ ಎಣ್ಣೆ. ನಾನು ನೀರು ಹಾಕಲು ಹೋದೆ, ಅಜ್ಜ ಕೈ ಹಿಡಿದ. ಬೂದಿಗೆ ನೀರು ಬಿದ್ದರೆ ಕ್ಷಾರವಾಗಿ ಹಣೆ ಸುಟ್ಟುಹೋಗಬಹುದು ಅಂತೆ. ಉಗುರಿನ ಸಂದಿಯ ಕಪ್ಪು ಎರಡು ದಿನ ಹೋಗಲಿಲ್ಲ.

ಮರುದಿನ ಬೂದಿ ಬುಧವಾರ. ಪಾದ್ರಿ ಹಣೆಗೆ ಶಿಲುಬೆ ಎಳೆದು ‘ನೀನು ಮಣ್ಣು, ಮಣ್ಣಿಗೇ ಮರಳುತ್ತೀ’ ಅನ್ನುತ್ತಾರೆ. ಆಫೀಸಿಗೆ ಹೋದರೆ ‘ಹಣೆಗೆ ಏನೋ ಮೆತ್ತಿಕೊಂಡಿದೆ’ ಅಂತ ಮೂರು ಜನ ಹೇಳಿದರು. ವಿಭೂತಿಯ ನಾಡಿನಿಂದ ಬಂದವನಿಗೆ ಈ ಮಾತು ಕೇಳಿ ನಗು ಬಂತು. ಆ ಅಜ್ಜ ಈಗಲೂ ನನ್ನನ್ನು ಮನೆಗೆ ಕರೆದಿಲ್ಲ. ಆದರೆ ಪ್ರತಿ ವರ್ಷ ಡಬ್ಬಿ ನನ್ನ ಕೈಗೇ ಕೊಡುತ್ತಾನೆ.

ಬಲ್ಮಠದ ಅಕ್ಕ
ಧಾರವಾಡಿಯವರೇ, ಇದೇ ನಾನೂ ಹೇಳಬೇಕು ಅಂತಿದ್ದೆ. ಇಲ್ಲಿನವರು ಮನೆಗೆ ಕರೆಯುವುದಕ್ಕಿಂತ ಮೊದಲು ಕೆಲಸಕ್ಕೆ ಕರೆಯುತ್ತಾರೆ. ನನ್ನನ್ನು ಆಲ್ಟರ್ ಗಿಲ್ಡ್‌ಗೆ ಹಾಕಿದರು. ಶನಿವಾರ ಬೆಳಿಗ್ಗೆ ಬೆಳ್ಳಿ ಪಾತ್ರೆ ಒರೆಸುವುದು, ಬಿಳಿ ಬಟ್ಟೆ ಇಸ್ತ್ರಿ ಮಾಡುವುದು, ಕಾಲಕ್ಕೆ ತಕ್ಕ ಬಣ್ಣದ ಹೊದಿಕೆ ಬದಲಿಸುವುದು. ಆ ಬಟ್ಟೆಯನ್ನು ಮೂರು ಮಡಿಕೆ, ಮತ್ತೆ ಮೂರು ಮಡಿಕೆ ಹಾಕಿ ಒಂಬತ್ತು ಚೌಕ ಬರುವಂತೆ ಮಡಚಬೇಕು, ಒಂದು ಗೆರೆ ಆಚೀಚೆ ಆಗಬಾರದು. ಅಲ್ಲಿರುವ ಎಂಬತ್ತರ ಅಜ್ಜಿಯರು ನಮ್ಮ ಅತ್ತೆಯರಿಗಿಂತ ಕಟ್ಟುನಿಟ್ಟು. ಇಸ್ತ್ರಿ ಮಾಡುತ್ತಾ ಮಾಡುತ್ತಾ ಯಾರ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಲ್ಲ ತಿಳಿಯುತ್ತದೆ.

ಹಿನಕಲ್ ಹುಡುಗ
ಲೆಂಟ್ ಎಷ್ಟು ದಿನ ಲೆಕ್ಕ? ಊರಲ್ಲಿ ಅಮ್ಮ 40 ಅನ್ನುತ್ತಿದ್ದರು, ನಾನು ಎಣಿಸಿದರೆ 46 ಬರುತ್ತದೆ.

ಹಳೇ ಬೆಂಚು
ಇಬ್ಬರದೂ ಸರಿ. ಮಧ್ಯದ ಆರು ಭಾನುವಾರ ಲೆಕ್ಕಕ್ಕಿಲ್ಲ. ಭಾನುವಾರ ಯಾವಾಗಲೂ ಪುನರುತ್ಥಾನದ ದಿನ, ಉಪವಾಸ ಇಲ್ಲ. ಚಾಕಲೇಟ್ ಬಿಟ್ಟವರೆಲ್ಲ ಈ ನಿಯಮವನ್ನು ಬಹಳ ಭಕ್ತಿಯಿಂದ ಪಾಲಿಸುತ್ತಾರೆ.

ಇನ್ನೊಂದು, ಲೆಂಟ್‌ನಲ್ಲಿ ‘ಹಲ್ಲೆಲೂಯಾ’ ಅನ್ನುವಂತಿಲ್ಲ. ಕೆಲವು ಚರ್ಚುಗಳಲ್ಲಿ ಮಕ್ಕಳು ಅದನ್ನು ಬಟ್ಟೆ ಮೇಲೆ ಬರೆದು ಪೆಟ್ಟಿಗೆಯಲ್ಲಿಟ್ಟು ಹೂತುಬಿಡುತ್ತಾರೆ. ಈಸ್ಟರ್ ದಿನ ತೆಗೆಯುತ್ತಾರೆ. ಎಲ್ಲಿ ಹೂತಿದ್ದು ಅಂತ ದೊಡ್ಡವರು ಮರೆತು ಪರದಾಡುವುದೂ ಉಂಟು.

ಕೆಂಗೇರಿಯಿಂದ ಎಡಿಸನ್‌ಗೆ
ನಾನು ಕ್ರಿಶ್ಚಿಯನ್ ಅಲ್ಲ, ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಮ್ಮ ಮಕ್ಕಳ ಕನ್ನಡ ಕ್ಲಾಸು ನಡೆಯುವುದೇ ಒಂದು ಎಪಿಸ್ಕೋಪಲ್ ಚರ್ಚಿನ ನೆಲಮಾಳಿಗೆಯಲ್ಲಿ. ಅದೇ ಹಾಲ್‌ನಲ್ಲಿ ಬೇರೆ ದಿನ ಕುಡಿತ ಬಿಡುವವರ ಗುಂಪು ಸೇರುತ್ತದೆ, ಇನ್ನೊಂದು ದಿನ ಬಡವರಿಗೆ ದಿನಸಿ ಹಂಚುತ್ತಾರೆ. ನಾವೂ ಅಕ್ಕಿ, ಬೇಳೆ ಕೊಡುತ್ತೇವೆ. ತೊಗರಿಬೇಳೆಯನ್ನು ಏನು ಮಾಡುವುದು ಅಂತ ಒಂದು ಚೀಟಿ ಬರೆದು ಅಂಟಿಸಿ ಅಂದರು, ಅದನ್ನೂ ಮಾಡಿದೆವು.

ಅಕ್ಟೋಬರ್ 4ರ ಆಸುಪಾಸು ಸಂತ ಫ್ರಾನ್ಸಿಸ್ ಹಬ್ಬಕ್ಕೆ ಸಾಕುಪ್ರಾಣಿಗಳಿಗೆ ಆಶೀರ್ವಾದ ಮಾಡುತ್ತಾರೆ. ನಮ್ಮ ನಾಯಿಯನ್ನೂ ಕರೆದುಕೊಂಡು ಹೋಗಿದ್ದೆವು. ಒಬ್ಬ ಹುಡುಗ ಗಾಜಿನ ಡಬ್ಬಿಯಲ್ಲಿ ಬಸವನಹುಳು ತಂದಿದ್ದ. ಪಾದ್ರಿ ಅದಕ್ಕೂ ಬಗ್ಗಿ, ಹೆಸರು ಕೇಳಿ, ತಲೆ ಎಲ್ಲಿದೆ ಅಂತ ಹುಡುಕಿ ಆಶೀರ್ವಾದ ಮಾಡಿದರು. ನ್ಯೂಯಾರ್ಕಿನ ಸೇಂಟ್ ಜಾನ್ ದಿ ಡಿವೈನ್ ಕೆಥೆಡ್ರಲ್‌ಗೆ ಆನೆ, ಒಂಟೆ ಕೂಡ ಬಂದದ್ದಿದೆ. ನಮ್ಮ ಕಡೆ ಸಂಕ್ರಾಂತಿಗೆ ದನ ಸಿಂಗರಿಸಿ ಕಿಚ್ಚು ಹಾಯಿಸುತ್ತಾರಲ್ಲ, ನನಗೆ ಇದೇನೂ ಪರಕೀಯ ಅನಿಸಲಿಲ್ಲ.

ಮಿನೆಸೋಟದ ಮೇರಿ
ಒಳ್ಳೆಯದನ್ನೇ ಹೇಳುತ್ತಿದ್ದೀರಿ. ಹುಡುಗನಿಗೆ ಕಷ್ಟದ ಭಾಗವನ್ನೂ ಹೇಳಬೇಕು ಅಲ್ವಾ? ಬೆಂಚುಗಳಲ್ಲಿ ಬಿಳಿ ಕೂದಲೇ ಜಾಸ್ತಿ. ಮಕ್ಕಳ ಸಂಡೇ ಸ್ಕೂಲ್ ಎಷ್ಟೋ ಕಡೆ ಐದಾರು ಮಕ್ಕಳದ್ದು. ಕಟ್ಟಡ ಹಳೆಯದು, ಬಾಯ್ಲರ್ ಕೆಟ್ಟರೆ ವರ್ಷದ ಲೆಕ್ಕ ತಲೆಕೆಳಗು. ಶರತ್ಕಾಲ ಬಂದರೆ ಪ್ಲೆಡ್ಜ್ ಕಾರ್ಡು ಬರುತ್ತದೆ, ಮುಂದಿನ ವರ್ಷ ಎಷ್ಟು ಕೊಡುತ್ತೀರಿ ಅಂತ ಮೊದಲೇ ಬರೆದುಕೊಡಬೇಕು. ಅದರ ಮೇಲೇ ಬಜೆಟ್ಟು. ಎಷ್ಟು ಬರೆದಿರಿ ಅಂತ ಯಾರೂ ಓದಿ ಹೇಳುವುದಿಲ್ಲ, ಅದೊಂದು ಸಮಾಧಾನ.

ಪಾದ್ರಿಗಳ ವ್ಯವಸ್ಥೆಯೂ ಬೇರೆ. ನಮ್ಮಲ್ಲಿ ಡಯಾಸಿಸ್‌ನವರು ಕೆಲವು ವರ್ಷಕ್ಕೊಮ್ಮೆ ಅಯ್ಯನವರನ್ನು ವರ್ಗ ಮಾಡುತ್ತಾರೆ. ಇಲ್ಲಿ ಸಭೆಯವರು ಆರಿಸಿದ ವೆಸ್ಟ್ರಿ ಅನ್ನುವ ಕಮಿಟಿಯೇ ಹುಡುಕಿ, ಸಂದರ್ಶನ ಮಾಡಿ, ಬಿಷಪ್ ಒಪ್ಪಿಗೆ ಪಡೆದು ರೆಕ್ಟರನ್ನು, ಅಂದರೆ ಮುಖ್ಯ ಪಾದ್ರಿಯನ್ನು, ಕರೆಸುತ್ತದೆ. ಬಂದವರು ಹತ್ತು, ಹದಿನೈದು ವರ್ಷ ಇರಬಹುದು. ಹೋದರೆ ಹೊಸಬರು ಸಿಗುವವರೆಗೆ ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ. ಚಿಕ್ಕ ಸಭೆಗಳಿಗೆ ಅರ್ಧ ಸಂಬಳದ ಪಾದ್ರಿ ಸಿಕ್ಕರೆ ಪುಣ್ಯ. ಕಮಿಟಿ ಚುನಾವಣೆ ಮಾತ್ರ ಸಪ್ಪೆ. ನಿಲ್ಲಲು ಯಾರೂ ಮುಂದೆ ಬರುವುದಿಲ್ಲ, ಕೈಕಾಲು ಹಿಡಿದು ನಿಲ್ಲಿಸಬೇಕು. ನಮ್ಮೂರ ಪಾಸ್ಟರೇಟ್ ಕಮಿಟಿ ಚುನಾವಣೆ ನೋಡಿದವರಿಗೆ ಇದು ನಂಬಲಾಗದ ದೃಶ್ಯ.

ಹಿನಕಲ್ ಹುಡುಗ
ಹಹ್ಹಾ, ನಮ್ಮ ಮಾವ ಇದನ್ನು ಓದಬಾರದು. ಮೇರಿ ಅಕ್ಕ, ಒಂದು ಸೂಕ್ಷ್ಮ ಪ್ರಶ್ನೆ. ಊರಿನ ಹಿರಿಯರು ‘ಆ ಚರ್ಚಿನವರು ಗಂಡಸರಿಗೂ ಗಂಡಸರಿಗೂ ಮದುವೆ ಮಾಡಿಸುತ್ತಾರೆ, ಹೋಗಬೇಡಿ’ ಅಂದರು. ನಿಜವೇ?

ಮಿನೆಸೋಟದ ಮೇರಿ
ನಿಜ. 2003ರಲ್ಲಿ ನ್ಯೂಹ್ಯಾಂಪ್‌ಶೈರ್‌ಗೆ ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದ ಜೀನ್ ರಾಬಿನ್ಸನ್ ಬಿಷಪ್ ಆದರು. 2015ರಿಂದ ಸಲಿಂಗ ಜೋಡಿಗಳ ಮದುವೆಗೆ ಚರ್ಚಿನ ನಿಯಮದಲ್ಲೇ ಅವಕಾಶ ಇದೆ. ಇದನ್ನು ಒಪ್ಪದೆ ಹೋದವರೂ ಬಹಳ ಜನ, ಅವರಲ್ಲಿ ಅನೇಕರು ಸೇರಿ 2009ರಲ್ಲಿ ಬೇರೆಯೇ ಸಂಸ್ಥೆ ಕಟ್ಟಿಕೊಂಡರು. ಬೋರ್ಡಿನಲ್ಲಿ ಬರೀ ‘ಆಂಗ್ಲಿಕನ್’ ಅಂತ ಇದ್ದರೆ ಅದು ಅವರದ್ದಿರಬಹುದು, ಎಪಿಸ್ಕೋಪಲ್ ಅಲ್ಲ. ಗೊತ್ತಿರಲಿ.

ಹೆಂಗಸರು ಪಾದ್ರಿ ಆಗುವುದಕ್ಕೂ ಇಲ್ಲಿ ಜಗಳವಾಗಿತ್ತು. 1974ರಲ್ಲಿ ಫಿಲಡೆಲ್ಫಿಯಾದಲ್ಲಿ ಹನ್ನೊಂದು ಜನ ಹೆಂಗಸರು ಅಧಿಕೃತ ಒಪ್ಪಿಗೆಗೆ ಕಾಯದೆ ದೀಕ್ಷೆ ಪಡೆದರು. 1976ರಲ್ಲಿ ಚರ್ಚು ಒಪ್ಪಿತು. 1989ರಲ್ಲಿ ಬಾರ್ಬರಾ ಹ್ಯಾರಿಸ್ ಬಿಷಪ್ ಆದರು. ಇಡೀ ಆಂಗ್ಲಿಕನ್ ಬಳಗದಲ್ಲೇ ಮೊದಲ ಮಹಿಳಾ ಬಿಷಪ್, ಅದೂ ಕಪ್ಪು ಮಹಿಳೆ. ನಮ್ಮ ಸಿಎಸ್‌ಐನಲ್ಲೂ 2013ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಅವರು ಬಿಷಪ್ ಆದರಲ್ಲ.

ನನ್ನ ಪಕ್ಕದ ಬೆಂಚಿನಲ್ಲಿ ಇಬ್ಬರು ಹೆಂಗಸರು, ಅವರ ಮಗ. ನನ್ನ ಆಪರೇಷನ್ ಆದಾಗ ಮೂರು ವಾರ ಸೂಪು ತಂದುಕೊಟ್ಟವರು ಅವರೇ.

ಧಾರವಾಡಿ
ನಾನು ಈ ವಿಷಯದಲ್ಲಿ ಮೇರಿ ಅವರಷ್ಟು ಮುಂದೆ ಹೋಗಿಲ್ಲ, ಪ್ರಾಮಾಣಿಕವಾಗಿ ಹೇಳುತ್ತೇನೆ. ಆದರೂ ಅದೇ ಬೆಂಚಿನಲ್ಲಿ ಕೂರುತ್ತೇನೆ. ಹುಡುಗನ ಮನೆಯವರೇ ಹೋಗಿ ನೋಡಿ ನಿರ್ಧಾರ ಮಾಡಲಿ. ಊರಿನ ಹಿರಿಯರ ಜೊತೆ ಫೋನಿನಲ್ಲಿ ವಾದ ಮಾಡಿ ಪ್ರಯೋಜನ ಇಲ್ಲ.

ಹಳೇ ಬೆಂಚು
ಈಸ್ಟರ್‌ಗೆ ಮುಂಚಿನ ಪರಿಶುದ್ಧ ವಾರದ ಬಗ್ಗೆ ಯಾರೂ ಹೇಳಲಿಲ್ಲ. ನನ್ನ ಮಟ್ಟಿಗೆ ಈ ಚರ್ಚಿನ ಜೀವ ಇರುವುದೇ ಅಲ್ಲಿ. ಗುರುವಾರ ರಾತ್ರಿ ಒಬ್ಬರ ಕಾಲು ಒಬ್ಬರು ತೊಳೆಯುತ್ತಾರೆ. ಕೊನೆಯಲ್ಲಿ ಯಜ್ಞವೇದಿಯ ಮೇಲಿನ ಬಟ್ಟೆ, ದೀಪ, ಪಾತ್ರೆ ಎಲ್ಲ ಒಂದೊಂದಾಗಿ ತೆಗೆದು ಬರಿದು ಮಾಡಿ, ಮಾತಿಲ್ಲದೆ ಮನೆಗೆ ಹೋಗುತ್ತಾರೆ. ಶನಿವಾರ ರಾತ್ರಿ ಈಸ್ಟರ್ ಜಾಗರಣೆ. ಹೊರಗೆ ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿ ಹಚ್ಚಿ, ಅದನ್ನು ಹಿಂಬಾಲಿಸಿ ಒಳಗೆ ಬರುತ್ತಾರೆ. ಹಳೆ ಒಡಂಬಡಿಕೆಯ ಒಂಬತ್ತು ಓದುಗಳನ್ನು 1979ರ ಪ್ರಾರ್ಥನಾ ಪುಸ್ತಕ ಕೊಟ್ಟಿದೆ, ಕನಿಷ್ಠ ಎರಡು ಓದಲೇಬೇಕು. ಕೆಂಪು ಸಮುದ್ರ ದಾಟಿದ ಭಾಗವನ್ನು ಬಿಡುವಂತಿಲ್ಲ. ಆಮೇಲೆ ದೀಪ ಎಲ್ಲ ಹತ್ತಿ, ಜನ ಮನೆಯಿಂದ ತಂದ ಗಂಟೆ ಬಾರಿಸುತ್ತಾರೆ. ನನ್ನ ಹೆಂಡತಿ ದೇವನಹಳ್ಳಿ ಸಂತೆಯಲ್ಲಿ ಕೊಂಡ ಹಸುವಿನ ಗಂಟೆ ತರುತ್ತಾಳೆ. ಇಡೀ ಚರ್ಚಿನಲ್ಲಿ ಅದರದ್ದೇ ಸದ್ದು ಜಾಸ್ತಿ.

ಸಿಎಸ್‌ಐನವರಿಗೆ ಹೆಮ್ಮೆಯ ವಿಷಯ ಒಂದಿದೆ. ಆರಾಧನೆಯ ಮಧ್ಯೆ ‘ಸಮಾಧಾನ’ ಹೇಳಿ ಒಬ್ಬರಿಗೊಬ್ಬರು ಕೈ ಕೊಡುತ್ತಾರಲ್ಲ, ಅದು ಪಾಶ್ಚಾತ್ಯ ಚರ್ಚುಗಳ ಜನಸಾಮಾನ್ಯರ ಬೆಂಚಿನಿಂದ ಶತಮಾನಗಳ ಹಿಂದೆಯೇ ಮರೆಯಾಗಿತ್ತು. ಕೇರಳದ ಸುರಿಯಾನಿ ಕ್ರೈಸ್ತರಲ್ಲಿ ಉಳಿದಿತ್ತು. ಸಿಎಸ್‌ಐ 1950ರಲ್ಲಿ ತನ್ನ ಆರಾಧನಾ ಕ್ರಮ ಮಾಡಿಕೊಂಡಾಗ ಅದನ್ನು ಅವರಿಂದ ತೆಗೆದುಕೊಂಡಿತು. ಆ ಕ್ರಮವನ್ನು ಆಂಗ್ಲಿಕನ್ ಲೋಕದಲ್ಲೆಲ್ಲ ಗಮನವಿಟ್ಟು ನೋಡಿದರು, ಮುಂದೆ ಬಂದ ಸುಧಾರಣೆಗಳಿಗೆ ಅದೊಂದು ಮಾದರಿಯಾಯಿತು. ಈಗ ನಿಮ್ಮ ಬೀದಿಯ ಚರ್ಚಿನಲ್ಲಿ ಅಮೆರಿಕದ ಅಜ್ಜಿ ಕೈ ಚಾಚಿದರೆ, ಆ ಪದ್ಧತಿ ಹಿಂದಿರುಗಿದ ದಾರಿಯಲ್ಲಿ ನಮ್ಮ ದಕ್ಷಿಣ ಭಾರತವೂ ಇದೆ.

ಬಲ್ಮಠದ ಅಕ್ಕ
ಇದು ನನಗೆ ಗೊತ್ತೇ ಇರಲಿಲ್ಲ ಸರ್. ನಮ್ಮಲ್ಲಿ ಎರಡೂ ಅಂಗೈ ನಡುವೆ ಕೈ ಹಿಡಿದು ಬೆಂಚಿನಿಂದ ಬೆಂಚಿಗೆ ದಾಟಿಸುತ್ತಿದ್ದೆವು. ಇಲ್ಲಿ ಎಲ್ಲರೂ ಎದ್ದು ಓಡಾಡಿ ಮಾತಾಡಿ ಐದು ನಿಮಿಷ ಗದ್ದಲ. ಪಾದ್ರಿ ಗಂಟಲು ಸರಿ ಮಾಡಿಕೊಂಡು ವಾಪಸ್ ಕೂರಿಸಬೇಕು.

ಹಿನಕಲ್ ಹುಡುಗ
ನಮ್ಮೂರ ಚರ್ಚಿನ ಹಾಗೆ ಸುಗ್ಗಿ ಹಬ್ಬ? ಕಾಣಿಕೆ ತಂದ ವಸ್ತುಗಳ ಹರಾಜು?

ಮಿನೆಸೋಟದ ಮೇರಿ
ಹರಾಜು ಇಲ್ಲ ಮಾರಾಯ. ಒಂದು ಕೋಳಿಮೊಟ್ಟೆಗೆ ಸಾವಿರ ರೂಪಾಯಿ ಕೂಗಿ, ಗೆದ್ದವರು ಅದನ್ನು ಮತ್ತೆ ಹರಾಜಿಗೆ ಕೊಟ್ಟು, ಕೊನೆಗೆ ಆ ಮೊಟ್ಟೆ ಯಾರದ್ದೋ ಜೇಬಲ್ಲಿ ಒಡೆಯುವುದು, ಆ ಮಜಾ ಇಲ್ಲಿಲ್ಲ. ಈಸ್ಟರ್ ಆಗಿ ಏಳು ವಾರಕ್ಕೆ ಬರುವ ಪೆಂತೆಕೋಸ್ತ ಹಬ್ಬದ ಕೆಂಪು ಬಟ್ಟೆ ತೆಗೆದ ಮೇಲೆ ಬಹುಪಾಲು ಹಸಿರೇ, ನವೆಂಬರ್ ಕೊನೆಯವರೆಗೆ. ಬೇಸಿಗೆಯಲ್ಲಿ ಅರ್ಧ ಸಭೆ ಕೆರೆ ಕಡೆ ಹೋಗಿರುತ್ತದೆ, ಗಾಯಕರ ತಂಡಕ್ಕೆ ರಜೆ. ಆ ತಿಂಗಳುಗಳು ನಿಜಕ್ಕೂ ಬೇಜಾರು.

ನವೆಂಬರ್ ಮಾತ್ರ ತಪ್ಪಿಸಬೇಡಿ. ಸಕಲ ಸಂತರ ಹಬ್ಬಕ್ಕೆ ತೀರಿಹೋದವರ ಹೆಸರು ಬರೆದುಕೊಟ್ಟರೆ ಪ್ರಾರ್ಥನೆಯಲ್ಲಿ ಓದುತ್ತಾರೆ. ನಾನು ಅಪ್ಪನ ಹೆಸರು ಕೊಟ್ಟಿದ್ದೆ. ಓದುವವರು ಹಿಂದಿನ ದಿನ ಫೋನ್ ಮಾಡಿ, ಹೇಗೆ ಉಚ್ಚರಿಸಬೇಕು ಹೇಳಿಕೊಡಿ ಅಂತ ನಾಲ್ಕು ಸಲ ಹೇಳಿಸಿಕೊಂಡರು. ಆದರೂ ‘ಳ’ ಬರಲಿಲ್ಲ.

ಹಿನಕಲ್ ಹುಡುಗ
ಹೋಗಿ ಬಂದೆವು. ಆಗಮನ ಕಾಲದ ಮೊದಲ ಭಾನುವಾರ. ಅಕ್ಕ ಹೇಳಿದ ಹಾಗೆ ಒಂದೇ ಬತ್ತಿ, ಕಾಫಿ ಸಪ್ಪೆ. ಮಗ ‘ಸಮಾಧಾನ’ದ ಹೊತ್ತಲ್ಲಿ ಆಚೆ ತುದಿಯವರೆಗೂ ಓಡಿ ಎಲ್ಲರಿಗೂ ಕೈ ಕೊಟ್ಟು ಬಂದ. ಮಗಳಿಗೆ ಕುರಿ ಪಾತ್ರ ಸಿಕ್ಕಿದೆ. ಪಾದ್ರಿ ಒಬ್ಬ ಹೆಂಗಸು, ನಮ್ಮ ಹೆಸರು ಬರೆದುಕೊಂಡರು. ಹೆಂಡತಿಯನ್ನು ಕ್ವೈರ್‌ಗೆ ಕರೆದರು, ನನ್ನನ್ನು ಮುಂದಿನ ವಾರ ಹಿಮ ಎತ್ತಲು. ಪಾಟ್‌ಲಕ್ ಊಟ, ಎಲ್ಲರೂ ಒಂದೊಂದು ಅಡುಗೆ ತರುವುದು, ಇದೆಯಂತೆ. ಏನು ಒಯ್ಯಲಿ?

ಬಲ್ಮಠದ ಅಕ್ಕ
ಚಿತ್ರಾನ್ನ. ಕಡಲೆಬೀಜ ಹಾಕಬೇಡಿ, ಯಾರಿಗಾದರೂ ಅಲರ್ಜಿ ಇದ್ದೇ ಇರುತ್ತದೆ. ಏನೇನು ಹಾಕಿದ್ದೀರಿ ಅಂತ ಒಂದು ಕಾರ್ಡಿನಲ್ಲಿ ಬರೆದು ಪಾತ್ರೆ ಮುಂದೆ ಇಡಿ. ಹಸಿಮೆಣಸಿನಕಾಯಿ ಇಡಿಯಾಗಿ ಹಾಕಿ, ಹೆಚ್ಚಬೇಡಿ. ಬೀನ್ಸ್ ಅಂತ ತಿನ್ನುತ್ತಾರೆ.

ಧಾರವಾಡಿ
ಪಾತ್ರೆ ತಳಕ್ಕೆ ನಿಮ್ಮ ಹೆಸರು ಅಂಟಿಸಿ. ನಮ್ಮ ಸ್ಟೀಲ್ ಡಬರಿ ಒಂದು ಇನ್ನೂ ಆ ಅಡುಗೆಮನೆಯಲ್ಲೇ ಇದೆ. ಅದರಲ್ಲಿ ಈಗ ಚಮಚ ಇಟ್ಟುಕೊಂಡಿದ್ದಾರೆ.